ಗದಿಗೆಮ್ಮನ ಕೈ ಎಟುಕಿದಷ್ಟು

ಹಿಮಾಯತ್‌ನಗರದ ಆ ಹಳೆಯ ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಹನ್ನೆರಡು ಕಾಂಕ್ರೀಟ್ ಕಂಬಗಳು. ಇಪ್ಪತ್ತೆರಡು ವರ್ಷದ ಹಿಂದೆ ಅವಕ್ಕೆ ಸಿಮೆಂಟು ಮೆತ್ತಿ ಗಿಲಾವು ಮಾಡಿದವನು ಮೇಸ್ತ್ರಿ ಗೊಲ್ಲಾಳಪ್ಪನೇ. ಈಗ ಗಿಲಾವು ಟೊಳ್ಳಾಗಿದೆ, ಕೆಡವಿ ಹೊಸದು ಮಾಡಬೇಕು ಎಂದು ಅವನನ್ನೇ ಕರೆಸಿದಾಗ ಹಳೆಯದು ತನ್ನದೇ ಕೆಲಸವೆಂದು ಅವನು ಬಾಯಿ ಬಿಡಲಿಲ್ಲ. ತಾನು ಮೆತ್ತಿದ್ದು ಉದುರುತ್ತಿದೆ ಎಂದು ಯಾವ ಮೇಸ್ತ್ರಿ ಡಂಗುರ ಸಾರುತ್ತಾನೆ?

ಸೂಪರ್‌ವೈಸರ್ ಆನಂದಕುಮಾರ ಬೀದರ ಕಡೆಯವನು, ಕಟ್ಟುನಿಟ್ಟಿನ ಆಸಾಮಿ. "ಸಂಜಿಯೊಳಗ ಎಲ್ಲಾ ಕಂಬ ಬೋಳಾಗಬೇಕು ನೋಡ್ರಿ," ಎಂದು ಹೇಳಿ ಮೇಲೆ ಹೋಗಿದ್ದ.

ಹನ್ನೊಂದು ಕಂಬಗಳ ಗಿಲಾವು ಸುತ್ತಿಗೆ ತಾಗುವುದನ್ನೇ ಕಾಯುತ್ತಿದ್ದಂತೆ ಹಪ್ಪಳದ ಹಾಗೆ ಕಳಚಿಕೊಂಡಿತು. ಗೇಟಿನ ಪಕ್ಕದ ಕೊನೆಯದು ಮಾತ್ರ ಹಟ ಹಿಡಿಯಿತು. ಮೇಲಿನದು ಉದುರಿತು. ಗೊಲ್ಲಾಳಪ್ಪನ ನೆತ್ತಿಯ ಮಟ್ಟದಿಂದ ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ. ಆ ಗೆರೆಯನ್ನು ನೋಡುತ್ತಿದ್ದಂತೆ ಅವನ ಕೈಯ ಸುತ್ತಿಗೆ ಕೆಳಗಿಳಿಯಿತು. ಹೆಂಡತಿ ಗದಿಗೆಮ್ಮ ಕೈ ಎತ್ತಿದರೆ ಅಷ್ಟೇ ಎಟುಕುತ್ತಿತ್ತು.

ನುಣುಪು ಕಾಂಕ್ರೀಟಿಗೆ ಗಿಲಾವು ಅಂಟುವುದಿಲ್ಲ, ಮೊದಲು ಉಳಿಯಿಂದ ಕಚ್ಚು ಹೊಡೆದು ಒರಟು ಮಾಡಬೇಕು. ಇಪ್ಪತ್ತೆರಡು ವರ್ಷದ ಹಿಂದೆ, ಆಗಷ್ಟೇ ಅವನನ್ನು ಮದುವೆಯಾಗಿ ಶಹಾಪುರದ ಕಡೆಯಿಂದ ಬಂದಿದ್ದ ಗದಿಗೆಮ್ಮ ಈ ಕಂಬಕ್ಕೆ ಕಚ್ಚು ಹೊಡೆಯಲು ನಿಂತವಳು ಜಾಗ ಬಿಡಲೇ ಇಲ್ಲ. ಒಂದಿಷ್ಟು ಹೊಡೆಯುವುದು, ಬಕೀಟಿನಲ್ಲಿ ಬೆರಳದ್ದಿ ಕಂಬಕ್ಕೆ ನೀರು ಸಿಡಿಸುವುದು. ಹನಿ ಜಾರಿದರೆ ಮತ್ತೆ ಉಳಿ.

"ಹನಿ ನಿಂತ್ರ ಗಿಲಾವು ನಿಲ್ತೈತಿ," ಅನ್ನುತ್ತಿದ್ದಳು.

"ಕಂಬಕ್ಕ ಹಚ್ಚೆ ಚುಚ್ಚಾಕತ್ತೀ ಏನು?" ಎಂದು ಗೊಲ್ಲಾಳಪ್ಪ ಎಲ್ಲರೆದುರು ಬೈದು ಉಳಿ ಕಸಿದುಕೊಂಡ. ಉಳಿದದ್ದಕ್ಕೆಲ್ಲ ತಾನೇ ಅಲ್ಲೊಂದು ಇಲ್ಲೊಂದು ಕಚ್ಚು ಹೊಡೆದು ಮುಗಿಸಿದ. ಆಕೆ ಉಸುಕಿನ ಬುಟ್ಟಿ ಹೊತ್ತಳು. ಮತ್ತೆಂದೂ ಉಳಿ ಮುಟ್ಟಲಿಲ್ಲ. ಹೋದ ವರ್ಷ ಜ್ವರದಲ್ಲಿ ತೀರಿಕೊಂಡಳು. ಆಕೆಯ ಕೈಗೆಲಸವೆಂದು ಈ ಊರಿನಲ್ಲಿ ಉಳಿದದ್ದು ಇದೊಂದೇ, ಅದನ್ನೂ ಅವನೇ ಕೆಡವಬೇಕಿತ್ತು.

ಆನಂದಕುಮಾರ ಇಳಿದು ಬಂದ. "ಇದನ್ಯಾಕ ಬಿಟ್ಟೀರಿ?" ಎಂದು ಕುಟ್ಟಿ ನೋಡಿದ. ಕೆಳಗೆ ಕಲ್ಲಿನಂಥ ಸದ್ದು. "ಒಂದೇ ಕಂಬದಾಗ ಅರ್ಧ ಗಟ್ಟಿ, ಅರ್ಧ ಟೊಳ್ಳು ಹ್ಯಾಂಗ?"

ಮೇಲಿಂದ ನೀರು ಇಳಿದಿರಬೇಕು ಅಂದಿದ್ದರೆ ಗೊಲ್ಲಾಳಪ್ಪನ ಹೆಸರು ಉಳಿಯುತ್ತಿತ್ತು. ಆದರೆ ಕಂಬ ಪೂರ್ತಿ ಬೋಳಾಗಿ ಗದಿಗೆಮ್ಮನದೂ ಹೋಗುತ್ತಿತ್ತು.

"ಕೆಳಗಿಂದು ನನ್ನ ಹೇಣ್ತಿ ಕಚ್ಚು ಹೊಡದದ್ದು ಐತ್ರಿ," ಎಂದ. "ಮ್ಯಾಲಿಂದು ನಂದು. ಉಳದ ಹನ್ನೊಂದೂ ನಂದೇ. ಆಕಿ ಹೇಳಿದ್ಳು, ನಾನು ಕೇಳಲಿಲ್ರಿ."

ಆನಂದಕುಮಾರ ನೆಲದ ತುಂಬ ಬಿದ್ದ ಚೂರುಗಳನ್ನೂ ಅವನ ಮುಖವನ್ನೂ ನೋಡಿದ. "ಆಯ್ತು, ಅಷ್ಟು ಇರಲಿ. ಉಳದದ್ದಕ್ಕ ಸರಿಯಾಗಿ ಕಚ್ಚು ಹೊಡೀರಿ. ನಾ ಬಂದು ನೋಡ್ತೀನಿ."

ಗೊಲ್ಲಾಳಪ್ಪ ಸ್ಟೂಲು ಹತ್ತಿ, ಬೋಳು ಕಾಂಕ್ರೀಟಿಗೆ ಬೆರಳಿಂದ ನೀರು ಸಿಡಿಸಿದ. ಹನಿಗಳು ಸರ್ರನೆ ಜಾರಿ ಗದಿಗೆಮ್ಮನ ಗಿಲಾವಿನ ಅಂಚಿಗೆ ಬಂದು ಇಂಗಿದವು. ಉಳಿ ಹಿಡಿದು ಒತ್ತೊತ್ತಾಗಿ ಹೊಡೆದ. ಮತ್ತೆ ಸಿಡಿಸಿದ, ಅರ್ಧ ನಿಂತವು, ಅರ್ಧ ಜಾರಿದವು. ಮತ್ತೆ ಹೊಡೆದ. ರಟ್ಟೆ ಸೋತಿತ್ತು, ಕಣ್ಣಲ್ಲಿ ಇದ್ದದ್ದು ಬರೀ ಸಿಮೆಂಟಿನ ಧೂಳಲ್ಲ. ಐದನೆಯ ಸಲ ಸಿಡಿಸಿದಾಗ ಒಂದು ಹನಿಯೂ ಕದಲಲಿಲ್ಲ.

"ನಿಂತಾವ, ನೋಡು," ಎಂದು ಕೆಳಗೆ ತಿರುಗಿದ. ಗದಿಗೆಮ್ಮ ಬುಟ್ಟಿ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ ನೀರಿನ ಬಕೀಟು ಒಂದೇ ಇತ್ತು.