ಮೂರು ಸರಪಳಿ, ನಾಲ್ಕು ಸರಪಳಿ

"ಅಮ್ಮನ ಗುರುತು ಎಲ್ಲಿ ಬರೆದಿಟ್ಟಿದ್ದೀಯಪ್ಪಾ?"

ಉತ್ತರ ಬಾರದೆಂದು ಗೊತ್ತಿದ್ದೂ ಕೇಳುತ್ತ ಮಗಳು ತಗಡಿನ ಕೊಳವೆಯಿಂದ ಇನ್ನೊಂದು ಹಳೆಯ ನಕ್ಷೆ ಎಳೆದಳು. ಪಕ್ಕದ ಕೋಣೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನದಿ, ರೈಲುಹಾದಿ, ನಡುವಿನ ದಿಬ್ಬ ತಗ್ಗುಗಳನ್ನೆಲ್ಲ ಸರ್ವೆಯ ಸರಪಳಿ ಹಿಡಿದು ನಲವತ್ತು ವರ್ಷ ಅಳೆದು ಬರೆದವನು ಕೊನೆಗೆ ಕೇಳಿಕೊಂಡದ್ದು ಒಂದೇ: ನಿಮ್ಮಮ್ಮನ ಮಗ್ಗುಲಲ್ಲಿ ಮಣ್ಣು ಮಾಡಿ. ಆದರೆ ಹೋದ ವರ್ಷದ ನೆರೆ ಸ್ಮಶಾನದ ಕಲ್ಲುಗಳನ್ನೆಲ್ಲ ಗುಡಿಸಿಕೊಂಡು ಹೋಗಿತ್ತು.

ಏಳನೆಯ ನಕ್ಷೆಯಲ್ಲಿ ಸಿಕ್ಕಿತು. ಒಂದು ಕೆಂಪು ಚುಕ್ಕಿ, ಅಮ್ಮ ಹೋದ ತಾರೀಖು, ಪಕ್ಕದಲ್ಲಿ ಮೂರು ಸರಪಳಿ, ನಾಲ್ಕು ಸರಪಳಿ ಎಂದು ಪೆನ್ಸಿಲಿನ ಬರಹ. ಎಲ್ಲಿಂದ ಎಂದಿರಲಿಲ್ಲ, ತನಗೆ ಗೊತ್ತಿದ್ದದ್ದನ್ನು ಅವನೇಕೆ ಬರೆದಾನು?

ಅಪ್ಪನನ್ನು ಹೊತ್ತು ತಂದು ಸ್ಮಶಾನದ ಮರದ ನೆರಳಲ್ಲಿ ಇಳಿಸಿದರು. ಚಿಕ್ಕಪ್ಪ ನದಿಯ ದಂಡೆಯಿಂದಲೇ ಅಳೆಯಿರಿ ಎಂದ. ಅಪ್ಪನ ಜೊತೆ ಸರಪಳಿ ಎಳೆದೇ ಮುದುಕನಾಗಿದ್ದ ಸರಪಳಿ ತಾತ ಅಳೆಯುತ್ತ ಹೋಗಿ ಹೋಗಿ ಹಳಿಗಳ ನಡುವೆ ನಿಂತ.

"ಇಲ್ಲೇ ಮಲಗಿಸೋಣ ಅಂದ್ರೆ ಐದೂವರೆ ಗಾಡಿ ಬಿಡಬೇಕಲ್ಲ," ಎಂದ. ಅಳುತ್ತಿದ್ದವರೂ ನಕ್ಕರು.

*

ಅವಳಿಗೆ ಆಗ ಎಂಟು ವರ್ಷ. ನೀರಿನಂಚಿನಲ್ಲಿ ಗೂಟ ನೆಟ್ಟು ಅಳೆಯಲು ಹೊರಟವಳ ಕೈಯಿಂದ ಅಪ್ಪ ಗೂಟ ಕಿತ್ತುಕೊಂಡಿದ್ದ.

"ನದಿನ ನಂಬಬೇಡ ಮಗಳೇ. ಇವತ್ತು ಇಲ್ಲಿರುತ್ತೆ, ನಾಳೆ ಇನ್ನೆಲ್ಲೋ. ರೈಲು ಸೇತುವೆ ಕಂಬ ಹಿಡ್ಕೋ, ಹಳಿ ಪಕ್ಕದ ಮೈಲಿಗಲ್ಲು ಹಿಡ್ಕೋ."

*

"ತಾತಾ, ಕಂಬದಿಂದ ಮೂರು, ಮೈಲಿಗಲ್ಲಿಂದ ನಾಲ್ಕು," ಅವಳು ಸೇತುವೆಯತ್ತ ಓಡುತ್ತಲೇ ಹೇಳಿದಳು.

ಜನರಿಗೆ ಜೀವ ಬಂತು. ಒಬ್ಬರು ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದರು, ಇನ್ನೊಬ್ಬರು ಬಾವಿಯ ಹಗ್ಗವನ್ನೇ ತಂದರು. ತಾತ ಎಲ್ಲವನ್ನೂ ಗಂಟು ಹಾಕಿ, ಸರಪಳಿಗೆ ಹಿಡಿದು ಅಳೆದು, ಒಂದು ಹಗ್ಗವನ್ನು ಕಂಬಕ್ಕೆ, ಇನ್ನೊಂದನ್ನು ಕಲ್ಲಿಗೆ ಬಿಗಿದ. ಎಳೀರಿ, ಬಿಡಿ, ಇತ್ತ ಬನ್ನಿ ಎಂದು ಎಲ್ಲರೂ ಸರ್ವೆಯವರೇ ಆದರು. ಎರಡು ತುದಿಗಳು ಮೊಳದಷ್ಟು ಹತ್ತಿರ ಬಂದವು, ಗೇಣಿನಷ್ಟು ಹತ್ತಿರ ಬಂದವು, ಕೊನೆಗೆ ಅವಳ ಒಂದೇ ಮುಷ್ಟಿಯಲ್ಲಿ ಕೂಡಿದವು. ಕೆಂಪು ಚುಕ್ಕಿಯಿದ್ದ ಕಡೆಯೇ. ತಾತ ಮರಳಿನ ಮೇಲೆ ಕೂತು ಬಿಕ್ಕಿದ.

ಅಗೆಯುವವರು ಅದರ ಮಗ್ಗುಲಲ್ಲಿ ಹಾರೆ ಹಾಕಿ ನೋಡಿ ಮುಖ ಸಪ್ಪಗೆ ಮಾಡಿದರು. ಮರಳು ಸಡಿಲ, ಅಗೆದಷ್ಟೂ ಕುಸಿಯುತ್ತದೆ, ಕೆಲಸ ಕತ್ತಲಾಗುವವರೆಗೂ ಹಿಡಿಯುತ್ತದೆ ಎಂದರು.

ಚಿಕ್ಕಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಎರಡು ಮಾರು ಈಚೆ ಗಟ್ಟಿ ನೆಲ ಇದೆ ಕಣಮ್ಮ. ಇಷ್ಟು ಹತ್ತಿರ ಬಂದಾಯ್ತಲ್ಲ. ಅಲ್ಲೇ ಮಾಡೋಣ, ಹೂಂ ಅನ್ನು."

ಬಿಗಿದ ಹಗ್ಗಗಳು ಅವಳನ್ನು ಎರಡೂ ಕಡೆಗೆ ಜಗ್ಗುತ್ತಿದ್ದವು. ಅವಳು ಮುಷ್ಟಿ ಸಡಿಲಿಸಲಿಲ್ಲ.

"ಆಗಲ್ಲ, ಚಿಕ್ಕಪ್ಪ."