ಮಲ್ಲು ಬಟ್ಟೆಯಡಿಯ ಪಾಚಿ

ಬಿಸಿಲು ಮೇಜಿನ ಅಂಚಿಗೆ ಬಂತು, ಇನ್ನೇನು ಜಾಡಿಗಳನ್ನು ಮುಟ್ಟುತ್ತದೆ, ಮುಟ್ಟಲಿ, ಇವತ್ತು ಕದಿರಮ್ಮ ಅವುಗಳ ಮೇಲೆ ತೆಳು ಮಲ್ಲು ಬಟ್ಟೆ ಎಳೆಯುವುದಿಲ್ಲ, ಎಪ್ಪತ್ತೊಂಬತ್ತರಲ್ಲಿ ಕೋಲಾರದ ಈ ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದಾಗಿನಿಂದ ಎಳೆದದ್ದೇ ಎಳೆದದ್ದು, ಮಾಸ್ತಿಯ ಕೆರೆಯಿಂದ ತಂದ ಪಾಚಿಗೆ ಹಸುಗೂಸಿಗೆ ನೆರಳು ಹಿಡಿದ ಹಾಗೆ — ಬಿಸಿಲಲ್ಲಿಟ್ಟದ್ದು ಬೆಳ್ಳಗಾಗಿ ಸತ್ತಿತು, ಬೀರುವಿನ ಕತ್ತಲಲ್ಲಿಟ್ಟದ್ದು ಕೊಳೆಯಿತು, ಮಲ್ಲು ಬಟ್ಟೆಯಡಿಯದು ಮಾತ್ರ ರೇಷ್ಮೆ ಬಿಚ್ಚಿದಂತೆ ಎಳೆ ಎಳೆಯಾಗಿ ಬೆಳೆಯಿತು, ಓಡಿಹೋಗಿ ಹೇಳಿದಳಲ್ಲ, ಬನ್ನಿ ಸಾರ್ ನೋಡಿ ಸಾರ್, ವಿಭಾಗದ ಮುಖ್ಯಸ್ಥ ಚನ್ನರಾಯಪ್ಪ ಕನ್ನಡಕ ಏರಿಸಿ ನೋಡಿದ, ಭೇಷ್ ಕಣಮ್ಮಾ ಅಂದ, ಅಂದವನೇ ಬೆಂಗಳೂರಿಗೆ ಹೋಗಿ ತನ್ನ ಸಂಶೋಧನೆ ಅಂತ ಓದಿ ಬಂದ, ಕೊರಳಿಗೆ ಹಾರ, ಪೇಪರಿನಲ್ಲಿ ಫೋಟೋ, ಕೇಳಿದರೆ ಏನಂದ, ನೀನು ನಾಳೆ ಮದ್ವೆ ಆಗಿ ಹೋಗೋಳು, ನಿನ್ನ ಹೆಸರು ಹಾಕಿದ್ರೆ ಇನಿಷಿಯಲ್ ಯಾರ್ದು ಹಾಕ್ಲಿ — ಸ್ಟಾಫ್ ರೂಮಿಗೆ ರೂಮೇ ನಕ್ಕಿತು. ಯಲ್ದೂರಿನಲ್ಲಿ ಅಮ್ಮ, ಊರ್ಕೋ ಕಣೇ, ಸುಮ್ನಿರು, ದೊಡ್ಡೋರ ಹತ್ರ ನಮಗ್ಯಾಕೆ ಹಗೆ, ಸುಮ್ಮನಿದ್ದಳು, ಮಾವು ಹೂಬಿಟ್ಟು ಕಾಯಾಗಿ ಮತ್ತೆ ಹೂಬಿಟ್ಟಿತು, ಆ ನಗು ಕಿವಿಯೊಳಗೆ ಗೂಡು ಕಟ್ಟಿ ಮರಿ ಹಾಕಿತು, ಅಪ್ಪ ಮಾವಿನ ಮರಕ್ಕೆ ಹೊಡೆಯಲು ಮೈಲುತುತ್ತ ಕಲಸುತ್ತಿದ್ದ, ದನದ ತೊಟ್ಟಿಗೆ ಬಿಟ್ಟೀಯೆ, ಇದು ಬಿದ್ದಲ್ಲಿ ಪಾಚಿ ಕೂಡ ಉಳಿಯಲ್ಲ ಅಂದ, ಆಗ ಹೊಳೆಯಿತು, ಹೊಳೆದದ್ದು ಹಾಗೇ ಉರಿಯಿತು — ಅದೇ ನೀಲಿ ನೀರು ಈಗ ಡ್ರಾಪರಿನಲ್ಲಿ, ಪಾಚಿ ನೋಡಲೆಂದೇ ಬೆಂಗಳೂರಿನವರು ಬರುವ ಈ ದಿನವೇ ಅವನ ಕೀರ್ತಿ ಕೊಳೆತು ನಾರಲಿ, ಬಿಟ್ಟಳು, ಒಂದು ಜಾಡಿಯನ್ನೂ ಉಳಿಸಲಿಲ್ಲ, ಎಳೆಗಳಿಂದ ಏಳುತ್ತಿದ್ದ ಗುಳ್ಳೆಗಳು ಒಂದೊಂದಾಗಿ ವಿರಳವಾದವು, ನೋಡುತ್ತ ನಿಂತಳು, ಎಷ್ಟು ತಣ್ಣಗೆ. ಬೂಟಿನ ಸದ್ದು, ಬಂದರು, ಮುಂದೆ ನರೆಗೂದಲಿನ ಶ್ಯಾಮಲಮ್ಮ ಮೇಡಂ, ಹಿಂದೆ ಹಲ್ಲು ಕಿರಿಯುತ್ತ ಚನ್ನರಾಯಪ್ಪ, ಮೇಡಂ ಕೇಳುತ್ತಾರೆ, ಬಟ್ಟೆ ಹೊದಿಸಬೇಕು ಅಂತ ನಿಮಗೆ ಹೇಗೆ ಹೊಳೀತು, ಅವನು ಕನ್ನಡಕ ತೆಗೆದು ಒರೆಸಿದ, ಅದೂ ಮೇಡಂ, ಬೆಳೆಸಿದ್ದು ಈ ಹುಡುಗಿ, ಇವಳನ್ನೇ ಕೇಳಿ — ಉಗುಳಿದೆಯಾ, ಕಡೆಗೂ ಉಗುಳಿದೆಯಾ, ಬೆಲ್ಲದ ಹಾಗೆ ಚಪ್ಪರಿಸಿದಳು ಆ ಮಾತನ್ನು, ಇನ್ನೊಮ್ಮೆ ಹೇಳು, ಎಲ್ಲರಿಗೂ ಕೇಳುವಂತೆ ಹೇಳು, ಅಷ್ಟರಲ್ಲಿ ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು, ಹಾಗಾದ್ರೆ ಕೆಲಸ ನಿಂದು, ಒಂದು ಜಾಡಿ ನಮಗೆ ಕೊಡಮ್ಮ, ಬೆಂಗಳೂರಲ್ಲೂ ಹೀಗೇ ಬೆಳೆದ್ರೆ ನಿನ್ನ ಹೆಸರಲ್ಲೇ ಬರೀತೀವಿ, ಹೇಳುತ್ತಲೇ ಜಾಡಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಹಸಿರು, ಇನ್ನೂ ಹಸಿರೇ, ನೋಡುವವರಿಗೆ ಏನೂ ತಿಳಿಯದು, ಆದರೆ ಬೆಳಕಿಗೆ ಗುಳ್ಳೆ ಏಳಬೇಕು, ಜೀವ ಇದ್ದರೆ ಏಳಬೇಕು, ಏಳೇ, ನನ್ನವ್ವಾ ಏಳೇ, ಗಾಜಿಗೆ ಅಂಟಿ ಕೂತ ಒಂದು ಗುಳ್ಳೆ, ಸಾಸಿವೆಯಷ್ಟು, ಅಲುಗುವುದಿಲ್ಲ, ಅದೊಂದೇ ಗುಳ್ಳೆ, ಅಲ್ಲೇ —