ಕಿವಿಯಿಂದ ಕೊಂಡ ಕೀಬೋರ್ಡುಗಳು

ವಿಜಯಶ್ರೀ ಟೈಪಿಂಗ್ ಕಲಿಸುವುದು ಕಣ್ಣಿನಿಂದಲ್ಲ, ಕಿವಿಯಿಂದ ಎನ್ನುವುದು ಶಹಾಬಜಾರದ ಆ ಗಲ್ಲಿಗೆಲ್ಲ ಗೊತ್ತಿತ್ತು. ಹಳೆಯ ಮನೆಯೊಂದರ ಮಹಡಿಯ ಮೇಲೆ ಅವಳ ವಿಶಾಖಾ ಟೈಪಿಂಗ್ ಇನ್‌ಸ್ಟಿಟ್ಯೂಟ್, ಕೆಳಗೆ ಬುರ್ಹಾನುದ್ದೀನ್ ಸಾಹೇಬರ ಗಡಿಯಾರ ರಿಪೇರಿ ಅಂಗಡಿ. ಟೈಪ್‌ರೈಟರುಗಳ ಕಾಲದಲ್ಲಿ ಅವಳು ಹುಡುಗರಿಗೆ ಬೆನ್ನು ಹಾಕಿ ಕಿಟಕಿಯಲ್ಲಿ ನಿಂತು ಗಲ್ಲಿ ನೋಡುತ್ತಲೇ, ಯಾರ ಕಿರುಬೆರಳು ಕಳ್ಳಾಟ ಆಡುತ್ತಿದೆ, ಯಾರು ಅವಸರ ಮಾಡುತ್ತಿದ್ದಾರೆ ಎಂದು ಹೆಸರು ಹಿಡಿದು ಹೇಳುತ್ತಿದ್ದಳು. ಒಂದೊಂದು ಯಂತ್ರಕ್ಕೂ ಅದರದೇ ದನಿಯಿತ್ತು, ಒಂದೊಂದು ಕೈಗೂ ಅದರದೇ ನಡಿಗೆ.

ನೌಕರಿಯ ಪರೀಕ್ಷೆಗಳು ಕಂಪ್ಯೂಟರಿಗೆ ಬದಲಾದ ಮೇಲೆ ಯಂತ್ರಗಳು ಹೋಗಿ ಎಂಟು ಕಂಪ್ಯೂಟರುಗಳು ಬಂದವು. ಅವುಗಳ ಜೊತೆ ಬಂದ ಚಪ್ಪಟೆ ಕೀಬೋರ್ಡುಗಳನ್ನು ಒತ್ತಿದರೆ ದೋಸೆ ಹಿಟ್ಟಿನಲ್ಲಿ ಬೆರಳಿಟ್ಟಷ್ಟೇ ಸದ್ದು. ವಿಜಯಶ್ರೀ ಈಗ ಒಬ್ಬೊಬ್ಬರ ಹೆಗಲ ಮೇಲೆ ಬಗ್ಗಿ ನೋಡಬೇಕಾಯಿತು. ಹಾಗೆ ಬಗ್ಗಿದರೆ ಹುಡುಗಿಯರ ಬೆರಳುಗಳು ಅಂಜಿ ನಿಂತೇಬಿಡುತ್ತಿದ್ದವು. ಇನ್ನೊಂದು ಪೆಟ್ಟು ಹೊರಗಿನಿಂದ ಬಿತ್ತು. ಮಗಳ ಹೆಸರು ಹಚ್ಚಲು ಬಂದ ತಾಯಿಯೊಬ್ಬಳು ಮೇಲಿನಿಂದ ಸಪ್ಪಳವೇ ಇಲ್ಲದ್ದು ಕಂಡು, ಇನ್‌ಸ್ಟಿಟ್ಯೂಟ್ ಮುಚ್ಚಿದೆ ಅಂದುಕೊಂಡು ಮೆಟ್ಟಿಲ ಬುಡದಿಂದಲೇ ಮರಳಿ ಹೋಗಿದ್ದಳು. ಬುರ್ಹಾನುದ್ದೀನ್ ಸಾಹೇಬರು ಅದನ್ನು ಹೇಳಿದಾಗ ವಿಜಯಶ್ರೀ ಮರುಗುತ್ತ ಕೂರಲಿಲ್ಲ. ಇದಕ್ಕೊಂದು ದಾರಿ ಹುಡುಕಿಯೇ ತೀರುತ್ತೇನೆ ಎಂದಳು.

ದಾರಿ ತೋರಿಸಿದವನು ಅವಳ ವಿದ್ಯಾರ್ಥಿ ಸಂಜುಕುಮಾರ. ಕಮಲಾಪುರದಲ್ಲಿದ್ದ ಅವಳ ತಾಯಿ ಬಂಡೆಮ್ಮನಿಗೆ ಬಹಳ ದಿನದಿಂದ ಬುದ್ಧನ ದೊಡ್ಡ ದೊಡ್ಡ ವಿಹಾರಗಳನ್ನು ನೋಡುವ ಆಸೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಜೈಭೀಮ ಎಂಬವರು ಆ ವರ್ಷ ತಂಡ ಕಟ್ಟಿಕೊಂಡು ಥಾಯ್ಲೆಂಡಿಗೆ ಹೊರಟಾಗ ವಿಜಯಶ್ರೀ ತಾಯಿಯ ಹೆಸರಿನ ಜೊತೆ ತನ್ನದನ್ನೂ ಸೇರಿಸಿದಳು. ಸುದ್ದಿ ಕೇಳಿದ ಸಂಜುಕುಮಾರ, ಬ್ಯಾಂಕಾಕಿನಲ್ಲಿ ಮೆಕ್ಯಾನಿಕಲ್ ಕೀಬೋರ್ಡುಗಳದೇ ಅಂಗಡಿಗಳಿವೆ ಎಂದು ಫೋನಿನಲ್ಲಿ ವಿಡಿಯೊ ತೋರಿಸಿದ. ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗ್ ಇರುವ ಪುಟ್ಟ ಸ್ವಿಚ್, ಒತ್ತಿದರೆ ಹಳೆಯ ಟೈಪ್‌ರೈಟರಿನಂತೆ ಟಕ್ ಅನ್ನುತ್ತದೆ. ಅಂಥವನ್ನು ಇಲ್ಲಿಂದಲೇ ತರಿಸಬಹುದು, ಅಷ್ಟು ದೂರದಿಂದ ಹೊರುವುದೇಕೆ ಎಂದೂ ಅವನೇ ಕೇಳಿದ.

"ಫೋನಿನ್ಯಾಗ ಕೇಳೋದು ಫೋನಿನ ದನಿ," ಎಂದಳು ವಿಜಯಶ್ರೀ. "ನಾ ಕೈಯಾರೆ ಒತ್ತಿ, ಕಿವಿಯಾರೆ ಕೇಳಿ ತಗೋತೇನಿ."

ಬ್ಯಾಂಕಾಕಿನಲ್ಲಿ ಮಲಗಿದ ಬುದ್ಧನ ಪಾದಗಳ ಮುಂದೆ ಬಂಡೆಮ್ಮ ಬಹಳ ಹೊತ್ತು ನಿಂತಳು. ಮರುದಿನ ಮಧ್ಯಾಹ್ನ ಎಲ್ಲರಿಗೂ ಬಿಡುವು. ತಂಡದವರೆಲ್ಲ ಬಟ್ಟೆ ಬಜಾರಿಗೆ ಹೊರಟರೆ ವಿಜಯಶ್ರೀ ತಾಯಿಯ ಕೈ ಹಿಡಿದು ಕಂಪ್ಯೂಟರ್ ಮಾಲಿನ ಲಿಫ್ಟ್ ಹತ್ತಿದಳು. ಎಲ್ಲರೂ ಬಟ್ಟೆ, ಚಾದರು ನೋಡುವಾಗ ತನ್ನ ಮಗಳು ಮಾತ್ರ ವಾಯರು ಜೋತುಬಿದ್ದ ಅಂಗಡಿಗೆ ಕರೆತಂದಳಲ್ಲ ಎಂದು ಬಂಡೆಮ್ಮ ಗೊಣಗಿದಳು. ಆದರೆ ಕೂರಲು ಸ್ಟೂಲು, ಕುಡಿಯಲು ತಣ್ಣಗಿನ ನೀರು ಸಿಕ್ಕ ಮೇಲೆ ಸುಮ್ಮನಾದಳು.

ಅಂಗಡಿಯಲ್ಲಿ ನಾಮ್ ಎಂಬ ಹುಡುಗಿ ಇದ್ದಳು. ಇಬ್ಬರ ಇಂಗ್ಲಿಷೂ ಅರೆಬರೆ, ಆದರೆ ವ್ಯವಹಾರಕ್ಕೆ ಸಾಕಾಗುವಷ್ಟಿತ್ತು. ನಾಮ್ ಮೊದಲು ಅಂಗಡಿಯಲ್ಲೇ ಉತ್ತಮವಾದದ್ದನ್ನು ಮುಂದಿಟ್ಟಳು. ವಿಜಯಶ್ರೀ ಬೆರಳಿಟ್ಟಳು, ಬೆಣ್ಣೆಯಂತಿತ್ತು, ಆದರೆ ಸದ್ದಿಲ್ಲ. ಸದ್ದೇ ಇಲ್ಲವಲ್ಲ ಎಂದು ಕೇಳಿದರೆ, ಅದೇ ಅದರ ಹೆಚ್ಚುಗಾರಿಕೆ ಎಂದು ನಾಮ್ ಹೆಮ್ಮೆಯಿಂದ ತಲೆಯಾಡಿಸಿದಳು. ವಿಜಯಶ್ರೀ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ತನಗೆ ಸದ್ದು ಮಾಡುವುದೇ ಬೇಕು ಎಂದಳು. ನಾಮ್ ನಕ್ಕು ಕೆಳಗಿನ ಸಾಲಿನಿಂದ ಇನ್ನೊಂದು ತೆಗೆದಳು. ಅದರದು ಟಕ್ ಎಂದು ಸದ್ದು ಮಾಡುವ ನೀಲಿ ಬಣ್ಣದ ಸ್ವಿಚ್.

ವಿಜಯಶ್ರೀ ಕಣ್ಣು ಮುಚ್ಚಿ, ವರ್ಷಾನುಗಟ್ಟಲೆ ಕಲಿಸಿದ ಮೊದಲ ಪಾಠ ಹೊಡೆದಳು. ಟಕಟಕ ಎಂದು ಸ್ವಚ್ಛವಾಗಿ ಕೇಳಿಸಿತು. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಇದೇ ಇರಲಿ, ಎಂಟು ಕೊಡು ಎನ್ನಬೇಕು, ಅಷ್ಟರಲ್ಲಿ ತಡೆದಳು. ತನ್ನ ಕೋಣೆಯಲ್ಲಿ ಟೈಪು ಮಾಡುವುದು ಒಂದು ಕೈಯಲ್ಲವಲ್ಲ. ನಾಮ್‌ಳನ್ನು ಪಕ್ಕದ ಕೀಬೋರ್ಡಿಗೆ ಕೂರಿಸಿದಳು. ಸುಮ್ಮನೆ ನೋಡುತ್ತ ನಿಂತಿದ್ದ ಕನ್ನಡಕದ ಗಿರಾಕಿಯೊಬ್ಬನನ್ನೂ ಸಂಕೋಚವಿಲ್ಲದೆ ಕರೆದು ಮೂರನೆಯದಕ್ಕೆ ಕೂರಿಸಿದಳು. ಮೂವರೂ ಒಮ್ಮೆಗೇ ಹೊಡೆದರು. ಜೋಳ ಹುರಿದಂತೆ ಚಟಪಟ ಸದ್ದೆದ್ದಿತು, ಆದರೆ ಯಾರ ಕೈ ಯಾವುದು ಎಂದು ತಿಳಿಯಲೇ ಇಲ್ಲ. ಗದ್ದಲ ಬೇಕಾದಷ್ಟಿತ್ತು, ಗುರುತು ಇರಲಿಲ್ಲ. ವಿಜಯಶ್ರೀ ಬೇಡವೆಂದು ಎದ್ದು ಇನ್ನೊಂದು ಸಾಲಿನತ್ತ ನಡೆದಳು.

ಬೇಸರ ಬಂದಿದ್ದ ಬಂಡೆಮ್ಮ ಆ ಹೊತ್ತಿಗೆ ಗಲ್ಲೆಯ ಮೇಜಿನ ಮೇಲಿದ್ದ ಒಂದು ಚಿಕ್ಕ ಹಲಗೆಯನ್ನು ಎಳೆದುಕೊಂಡಿದ್ದಳು. ಗಿರಾಕಿಗಳು ಒತ್ತಿ ನೋಡಲೆಂದು ಅದರಲ್ಲಿ ಬೇರೆ ಬೇರೆ ಬಣ್ಣದ ಸ್ವಿಚ್ಚುಗಳನ್ನು ಕೂರಿಸಿದ್ದರು. ಬಂಡೆಮ್ಮ ಅವನ್ನು ಒಂದೊಂದಾಗಿ ಒತ್ತುತ್ತ ಕೂತಳು. ಒಂದು ಚಿಟಿಕೆಯಂತೆ ಚಿಟ್ ಎಂದಿತು, ಒಂದು ಒಳಗೊಳಗೇ ಟೊಕ್ ಎಂದಿತು, ಇನ್ನೊಂದು ಮಡಕೆ ಬಡಿದು ನೋಡಿದಂತೆ ಗಟ್ಟಿಯಾಗಿ ಕೇಳಿಸಿತು. ಅತ್ತ ಮುಖ ಮಾಡಿ ನಿಂತಿದ್ದ ವಿಜಯಶ್ರೀಗೆ, ತಾನು ತಿರುಗದೆಯೇ ತಾಯಿಯ ಬೆರಳು ಎಲ್ಲಿದೆ ಎಂದು ಗೊತ್ತಾಗುತ್ತಿದೆ ಅನ್ನಿಸಿತು.

"ಅವ್ವಾ, ಇನ್ನೊಮ್ಮಿ ಒತ್ತು," ಎಂದಳು.

ಬಂಡೆಮ್ಮ ಗಕ್ಕನೆ ಕೈ ತೆಗೆದಳು. "ಮುಟ್ಟಬಾರದೇನು ಇದನ್ನ?"

"ಮುಟ್ಟು. ನಾ ಹಿಂಗೇ ನಿಂತಿರತೇನಿ. ನೀ ಯಾವುದು ಒತ್ತಿದಿ ಅಂತ ಹೇಳತೇನಿ ನೋಡು."

ಬಂಡೆಮ್ಮ ಒತ್ತಿದಳು. ವಿಜಯಶ್ರೀ ನೀಲಿ ಎಂದಳು, ಕಂದು ಎಂದಳು, ಹಳದಿ ಎಂದಳು. ಮಗಳನ್ನು ಸಿಕ್ಕಿಸಬೇಕೆಂದು ಬಂಡೆಮ್ಮ ಹಳದಿಯನ್ನೇ ಎರಡು ಸಲ ಒತ್ತಿದಳು, ಅದೂ ಸಿಕ್ಕಿಬಿತ್ತು. ನಾಮ್‌ಗೆ ಆಗಲೇ ವಿಷಯ ಹೊಳೆದಿತ್ತು. ಅವಳು ಪುಟ್ಟ ಚಿಮಟ ತಂದು ಒಂದು ಕೀಬೋರ್ಡಿನ ಸ್ವಿಚ್ಚನ್ನು ಹಲ್ಲು ಕಿತ್ತಂತೆ ಕಿತ್ತು, ಅದೇ ಗೂಡಿನಲ್ಲಿ ಇನ್ನೊಂದನ್ನು ಕೂರಿಸಿ ತೋರಿಸಿದಳು. ಎಂಟು ಕೀಬೋರ್ಡಿಗೆ ಎಂಟು ಬಗೆಯ ಸ್ವಿಚ್ ಹಾಕಿದರೆ ಎಂಟು ದನಿ.

ಆ ಮಧ್ಯಾಹ್ನವೆಲ್ಲ ಮೂವರೂ ಅದರಲ್ಲೇ ಮುಳುಗಿದರು. ವಿಜಯಶ್ರೀ ತುಂಬ ಇಷ್ಟಪಟ್ಟು ಎತ್ತಿಟ್ಟ ಒಂದು ಬಗೆಯನ್ನು ನಾಮ್ ತೆಗೆದುಹಾಕಿದಳು. ಅದರ ಸ್ಪ್ರಿಂಗ್ ಬಿರುಸು, ಹೊಸದಾಗಿ ಕಲಿಯುವವರ ಕಿರುಬೆರಳು ನೋಯುತ್ತದೆ ಎಂದು ತನ್ನ ಬೆರಳನ್ನೇ ಉಜ್ಜಿ ತೋರಿಸಿದಳು. ವಿಜಯಶ್ರೀ ಒತ್ತಿ ನೋಡಿ ಒಪ್ಪಿಕೊಂಡಳು. ಕೊನೆಗೆ ಬಂಡೆಮ್ಮ ಬರೀ ಕೈಸನ್ನೆಯಲ್ಲೇ ಚೌಕಾಶಿ ಮಾಡಿ ಆ ಚಿಮಟವನ್ನು ಬಿಟ್ಟಿಯಾಗಿ ಗಿಟ್ಟಿಸಿದಳು.

ಹೋಟೆಲಿನಲ್ಲಿ ಡಬ್ಬಿಗಳ ರಾಶಿ ನೋಡಿ ಜೈಭೀಮ ತಲೆಯ ಮೇಲೆ ಕೈ ಇಟ್ಟರು. ವಿಮಾನದವರು ಇಷ್ಟು ವಜನು ಬಿಡುವುದಿಲ್ಲ, ಅರ್ಧ ಇಲ್ಲೇ ಬಿಡಬೇಕಾಗುತ್ತದೆ ಎಂದರು. ಒಂದನ್ನೂ ಬಿಡುವುದಿಲ್ಲ ಎಂದಳು ವಿಜಯಶ್ರೀ. ಮರುದಿನ ನಾಷ್ಟಾದ ಹೊತ್ತಿಗೆ ತಾಯಿ ಮಗಳು ಇಬ್ಬರೂ ಒಂದೊಂದು ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಹೋದರು. ನಮ್ಮ ಮಕ್ಕಳ ಕಲಿಕೆಗೆ ಒಯ್ಯುತ್ತಿದ್ದೇವೆ, ನಿಮ್ಮ ಬ್ಯಾಗಿನಲ್ಲಿ ಇದೊಂದಕ್ಕೆ ಜಾಗ ಮಾಡಿ ಎಂದು ಕೇಳಿದರು. ಇಲ್ಲ ಎಂದವರು ಯಾರೂ ಇಲ್ಲ. ಕಡೆಯ ಡಬ್ಬಿಯನ್ನು ಜೈಭೀಮರೇ ತಮ್ಮ ಅಂಗಿಗಳ ನಡುವೆ ಇಟ್ಟುಕೊಂಡರು.

ಶಹಾಬಜಾರದಲ್ಲಿ ಅವು ಸದ್ದು ಮಾಡಿದ ಮೊದಲ ಬೆಳಿಗ್ಗೆ ಬುರ್ಹಾನುದ್ದೀನ್ ಸಾಹೇಬರು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಮೇಲೆ ಬಂದು ನೋಡಿಹೋದರು. ವಿಜಯಶ್ರೀ ಠೀವಿಯಿಂದ ಕಿಟಕಿಗೆ ಮುಖ ಮಾಡಿ ನಿಂತು, ಸುಷ್ಮಿತಾ ಅವಸರ ಮಾಡುತ್ತಿದ್ದಾಳೆ ಎಂದಳು. ಕೋಣೆಯ ತುಂಬ ನಗು. ಸುಷ್ಮಿತಾ ಮತ್ತು ಸಂಜುಕುಮಾರ ಸದ್ದಿಲ್ಲದೆ ಜಾಗ ಬದಲಿಸಿ ಕೂತಿದ್ದರು. ವಿಜಯಶ್ರೀ ತಾನೂ ನಕ್ಕಳು, ಆದರೆ ತಿರುಗಲಿಲ್ಲ. ಮತ್ತೆ ಹೊಡೆಯಲು ಹೇಳಿ, ಈ ಸಲ ಕೀಬೋರ್ಡನ್ನು ಬಿಟ್ಟು ಕೈಯ ನಡಿಗೆಯನ್ನು ಕೇಳಿದಳು. ಇಬ್ಬರ ಹೆಸರನ್ನೂ ಸರಿಯಾಗಿ ಹೇಳಿದಳು. ಆಮೇಲೆ ಯಾರೂ ಆ ಆಟ ಆಡಲು ಹೋಗಲಿಲ್ಲ. ಬೇಸಿಗೆಯ ಹೊತ್ತಿಗೆ ಕುರ್ಚಿಗಳೆಲ್ಲ ತುಂಬಿದವು.

ಆಗ ಬಂಡೆಮ್ಮ ಹೊಸ ಮಾತು ತೆಗೆದಳು. ಕಮಲಾಪುರದ ಹುಡುಗಿಯರನ್ನು ದಿನಾ ಬಸ್ಸಿಗೆ ಕಳಿಸಲು ಮನೆಯವರು ಒಪ್ಪುತ್ತಿಲ್ಲ, ನೀನೇ ಯಾಕೆ ಬರಬಾರದು ಎಂದು ಕೇಳಿದಳು. ವಿಜಯಶ್ರೀ ಅಲ್ಲಿನ ಅಂಬೇಡ್ಕರ್ ಭವನದ ಒಂದು ಕೋಣೆ ಕೇಳಿ ಪಡೆದಳು, ನಾಲ್ಕು ಹಳೆಯ ಕಂಪ್ಯೂಟರು ಜೋಡಿಸಿದಳು. ಪ್ರತಿ ಭಾನುವಾರ ನಾಲ್ಕು ಕೀಬೋರ್ಡು ಚೀಲದಲ್ಲಿ ಹಾಕಿಕೊಂಡು ಹೋಗತೊಡಗಿದಳು. ಅಲ್ಲಿಗೆ ಬರುತ್ತಿದ್ದವರಲ್ಲಿ ಶೇವಂತಾ ಎಂಬವಳಿಗೆ ಒಂದು ಚಟವಿತ್ತು. ಒಂದಕ್ಷರ ಹೊಡೆಯುವುದು, ಪರದೆ ನೋಡುವುದು. ಇನ್ನೊಂದಕ್ಷರ, ಮತ್ತೆ ಪರದೆ. ಎಷ್ಟು ಹೇಳಿದರೂ ಅದು ಹೋಗಿರಲಿಲ್ಲ.

ಒಂದು ಭಾನುವಾರ ಪಾಠದ ನಡುವೆ ಕರೆಂಟು ಹೋಯಿತು. ಪರದೆಗಳು ಕಪ್ಪಾದವು. ಹುಡುಗಿಯರು ಮನೆಗೆ ಹೊರಡಲು ಚೀಲ ಎತ್ತಿಕೊಂಡರು.

"ಕೂಡ್ರಿ," ಎಂದಳು ವಿಜಯಶ್ರೀ. "ಪಾಠ ನಿಮ್ಮ ಬೆರಳಿನ್ಯಾಗ ಅದ, ಕರೆಂಟಿನ್ಯಾಗ ಇಲ್ಲ. ಹೊಡಿರಿ."

"ಏನೂ ಮೂಡಂಗಿಲ್ಲಲ್ರಿ ಮೇಡಂ," ಎಂದಳು ಶೇವಂತಾ. "ತಪ್ಪಾದ್ರ ನನಗ ಹೆಂಗ ಗೊತ್ತಾಗಬೇಕು?"

"ನನಗ ಗೊತ್ತಾಗತದ. ನೀ ಹೊಡಿ."

ನಾಲ್ಕು ದನಿಗಳು ಶುರುವಾದವು. ಶೇವಂತಾಳ ಕೀಬೋರ್ಡು ಮೊದಲು ತಡವರಿಸಿತು. ನೋಡಲು ಏನೂ ಇಲ್ಲದ ಕಾರಣ ನಿಲ್ಲಲೂ ಕಾರಣವಿರಲಿಲ್ಲ. ಮೆಲ್ಲಗೆ ಅದು ನಡಿಗೆ ಹಿಡಿಯಿತು, ಒಂದು ಸಾಲು ಪೂರ್ತಿ ಎಡವದೆ ಹೋಯಿತು, ಹಿಂದೆಯೇ ಇನ್ನೊಂದು ಸಾಲು. ವಿಜಯಶ್ರೀ ಒಂದೊಂದು ಟಕ್ಕನ್ನೂ ಎಣಿಸುವಂತೆ ಕೇಳಿದಳು. ಸಾಲು ಮುಗಿದಾಗ, ಒಂದೂ ತಪ್ಪಿಲ್ಲ ಎಂದು ಹೇಳಿದಳು. ಶೇವಂತಾ ನಂಬಲಾರದೆ ಕಪ್ಪು ಪರದೆಯನ್ನು ನೋಡಿದಳು, ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು.

ಕರೆಂಟು ಬಂದು ಫ್ಯಾನು ತಿರುಗಿತು. ಒಬ್ಬಳು ಕಂಪ್ಯೂಟರು ಚಾಲೂ ಮಾಡಲು ಕೈ ಚಾಚಿದಳು. ವಿಜಯಶ್ರೀ ಬೇಡವೆಂದು ತಡೆದು, ಮುಂದಿನ ಪಾಠದ ಪುಟ ತೆಗೆಯಲು ಹೇಳಿದಳು.